ನಾಯಿಯ ಪಾಠಶಾಲೆ

ನಮ್ಮ ಮನೆಯ ನಾಯಿಗೆ ಕಾಳಿ ಎಂದು ಹೆಸರಿಟ್ಟವನು ನಾನೇ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ಬಲ್ಲವರಿಗೆ ಆ ಹೆಸರಿನ ಹಿರಿಮೆ ತಿಳಿದೇ ಇರುತ್ತದೆ. ಕ್ರಿ.ಶ. 949-50ರ ಆ ಕಲ್ಲಿನಲ್ಲಿ ಗಂಗರ ಬೂತುಗನ ಆಳು ಮಣಲೇರನ ವೃತ್ತಾಂತವಿದೆ. ಅವನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ದೊಡ್ಡದೊಂದು ಹಂದಿಯೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ನಾಯಿಗಾಗಿ ಕಲ್ಲು ನಿಲ್ಲಿಸಿ, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟ ನಾಡು ನಮ್ಮದು.

ನಮ್ಮ ಕಾಳಿಯಾದರೋ ಚರಂಡಿಯ ಪಕ್ಕದಿಂದ ಮಗಳು ಎತ್ತಿ ತಂದ ಕರಿಯ ಬೀದಿಮರಿ. ಹಂದಿಯ ಮಾತು ಹಾಗಿರಲಿ, ಕರೆದರೆ ಬರುವುದೇ ಅದಕ್ಕೆ ಬಾರದು. ಒಂದು ಸಂಜೆ ಗೇಟಿನ ಸಂದಿಯಲ್ಲಿ ನುಸುಳಿ ದೊಡ್ಡ ರಸ್ತೆಗೆ ಓಡಿತು. ಬಸ್ಸೊಂದು ಕಿರ್ರೆಂದು ನಿಂತಿತು. ಕಾಲು ಗಂಟೆ ಕೂಗಿ ಕೂಗಿ ನನ್ನ ಗಂಟಲು ಒಣಗಿದ ಮೇಲೆ, ಬಾಲ ಮುದುರಿಕೊಂಡು ಅದು ನನ್ನ ಕಾಲ ಬಳಿಗೆ ಬಂದಿತು. ಕೈಯಲ್ಲಿದ್ದ ತೊಗಲಿನ ಪಟ್ಟಿಯಿಂದ ಎರಡು ಬಾರಿಸಿದೆ. ಮಗಳು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಅದಕ್ಕಿಂತ ಹೆಚ್ಚಿನ ಪೆಟ್ಟು ಮರುವಾರ ಕಾದಿತ್ತು. ಕಾಳಿ ಮತ್ತೆ ತಪ್ಪಿಸಿಕೊಂಡಿತು. ಈ ಸಲ ರಸ್ತೆಯ ಆಚೆ ನಿಂತು, ನಡುವೆ ವಾಹನಗಳು ಹರಿಯುತ್ತಿರಲು, ನನ್ನನ್ನೇ ನೋಡುತ್ತಿತ್ತು. ನಾನು ಕರೆದಂತೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತಿತ್ತು. ಕೊನೆಗೆ ಅದನ್ನು ಹಿಡಿದು ತಂದವನು ಎದುರಿನ ಹೂವಿನ ಅಂಗಡಿಯ ಹುಡುಗ.

ನಾಯಿಗಳಿಗೆ ವಿಧೇಯತೆ ಕಲಿಸುವ ತರಗತಿಯೊಂದು ಬೆಂಗಳೂರಿನಲ್ಲಿ ನಮ್ಮ ಬಡಾವಣೆಯ ಮೈದಾನದಲ್ಲೇ ಭಾನುವಾರ ಬೆಳಿಗ್ಗೆ ನಡೆಯುತ್ತದೆಂದು ತಿಳಿದು, ಕಾಳಿಯನ್ನು ಕರೆದುಕೊಂಡು ಹೋದದ್ದು ಈ ಅವಮಾನದಿಂದ. ಕಲಿಸುವಾಕೆ ಇಪ್ಪತ್ತೈದರ ತರುಣಿ, ನನ್ನ ವಿದ್ಯಾರ್ಥಿನಿಯಾಗಬಹುದಾದ ವಯಸ್ಸು. ನನ್ನ ದೂರನ್ನೆಲ್ಲ ಸಾವಧಾನವಾಗಿ ಕೇಳಿ ಒಂದೇ ಪ್ರಶ್ನೆ ಹಾಕಿದಳು: "ಅದು ಹತ್ತಿರ ಬಂದ ಮೇಲೆ ತಾನೆ ಸರ್, ನೀವು ಹೊಡೆದದ್ದು?"

"ಹೌದು. ಓಡಿಹೋದದ್ದಕ್ಕೆ ಹೊಡೆದೆ."

"ಓಡಿಹೋದದ್ದು ಕಾಲು ಗಂಟೆಯ ಹಿಂದಿನ ಮಾತು ಸರ್. ಪೆಟ್ಟು ಬಿದ್ದದ್ದು ಬಂದದ್ದಕ್ಕೆ."

ದಂಡಂ ದಶಗುಣಂ ಎಂಬ ಮಾತಿನಲ್ಲಿ ಬೆಳೆದವರಿಗೆ ಇದು ಸುಲಭವಾಗಿ ಇಳಿಯುವ ತುತ್ತಲ್ಲ. ನಾಯಿಯ ಪಾಠದಲ್ಲಿಯೂ ದಂಡದ ಪರಂಪರೆ ಹಳೆಯದೇ. ಜರ್ಮನಿಯಲ್ಲಿ ಪೋಲೀಸು ನಾಯಿಗಳನ್ನು ಪಳಗಿಸಿದ ಕಾನ್ರಾಡ್ ಮೋಸ್ಟ್ 1910ರಲ್ಲಿ ಪ್ರಕಟಿಸಿದ ಕೈಪಿಡಿ ಬಲಾತ್ಕಾರಕ್ಕೆ ದೊಡ್ಡ ಸ್ಥಾನ ಕೊಟ್ಟಿತ್ತು. ಕೊರಳಪಟ್ಟಿಯನ್ನು ಜಗ್ಗಿ ಕಲಿಸುವ ಪದ್ಧತಿ ಬಹುಕಾಲ ನಡೆಯಿತು. ಅಮೆರಿಕದಲ್ಲಿ ಸಾಮಾನ್ಯ ಮನೆಯ ನಾಯಿಗಳ ವಿಧೇಯತೆಯ ಪರೀಕ್ಷೆಯನ್ನು 1933ರಲ್ಲಿ ನ್ಯೂಯಾರ್ಕ್ ಪ್ರಾಂತದ ಮೌಂಟ್ ಕಿಸ್ಕೋ ಎಂಬಲ್ಲಿ ಮೊದಲು ಏರ್ಪಡಿಸಿದವರು ಹೆಲೆನ್ ವೈಟ್‌ಹೌಸ್ ವಾಕರ್ ಎಂಬ ಮಹಿಳೆ. ಅವರು ಸಾಕಿದ್ದು ಪೂಡಲ್ ಜಾತಿಯ ನಾಯಿ. ಅವು ಶೃಂಗಾರಕ್ಕಷ್ಟೇ ಲಾಯಕ್ಕು ಎಂದು ನಗುವವರಿಗೆ ಉತ್ತರ ಕೊಡಬೇಕೆಂಬುದೇ ಅವರ ಹಟ. ನಾಯಿಗಿಂತ ನಾಯಿಯ ಒಡೆಯರ ಮಾನ ಕಾಯಲು ಇಂಥ ತರಗತಿಗಳು ಹುಟ್ಟಿದುವೆಂದರೆ ತಪ್ಪಾಗದು. ನಾನೂ ಅದಕ್ಕೇ ಹೋದವನಲ್ಲವೆ?

ಆ ತರುಣಿಯ ಕೈಯಲ್ಲಿ ಕೋಲಿರಲಿಲ್ಲ. ಹೆಬ್ಬೆರಳ ಗಾತ್ರದ ಪ್ಲಾಸ್ಟಿಕ್ ಡಬ್ಬಿಯೊಂದಿತ್ತು. ಒತ್ತಿದರೆ ಒಳಗಿನ ಉಕ್ಕಿನ ಪಟ್ಟಿ ಮಣಿದು ಕಟ್ ಎನ್ನುತ್ತದೆ. ಅದಕ್ಕೆ ಕ್ಲಿಕ್ಕರ್ ಎಂದು ಹೆಸರು. ಜಾತ್ರೆಯಲ್ಲಿ ಮಕ್ಕಳು ಕೊಳ್ಳುತ್ತಿದ್ದ ತಗಡಿನ ಕಪ್ಪೆ ನಿಮಗೆ ನೆನಪಿರಬಹುದು. ಅದರ ಸೋದರ ಇದು. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1951ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಗೆ ಪ್ರಾಣಿಗಳಿಗೆ ಕಲಿಸುವ ಬಗೆಯನ್ನು ಕುರಿತು ಬರೆದಾಗ, ಸಂಕೇತಕ್ಕೆ ಇಂಥದೇ ಆಟಿಕೆಯನ್ನು ಸೂಚಿಸಿದ್ದ.

ಕ್ರಮ ಸರಳವಾದುದು. ಮೊದಲು ಕಟ್ ಎನ್ನಿಸಿ, ಬೇಯಿಸಿದ ಮೊಟ್ಟೆಯ ಕಡಲೆಯಷ್ಟು ಚೂರನ್ನು ನಾಯಿಗೆ ಕೊಡಬೇಕು. ಹತ್ತಿಪ್ಪತ್ತು ಸಲ ಹೀಗೆ ಮಾಡಿದರೆ, ಸದ್ದು ಕೇಳಿದೊಡನೆ ನಾಯಿ ತುತ್ತಿಗಾಗಿ ತಿರುಗಿ ನೋಡುತ್ತದೆ. ಇಷ್ಟು ಪಾವ್ಲೋವನಿಂದ ಬಂದ ತಿಳಿವು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಬಹುಮಾನ ಪಡೆದ ಆ ರಷ್ಯದ ವಿಜ್ಞಾನಿ, ಊಟದ ಮುನ್ಸೂಚನೆಗೇ ನಾಯಿಯ ಬಾಯಲ್ಲಿ ನೀರೂರುವುದನ್ನು ಕಂಡಿದ್ದ. ಅಲ್ಲಿಂದ ಮುಂದಿನದು ಸ್ಕಿನ್ನರನ ದಾರಿ. ನಾಯಿ ತಾನಾಗಿ ಕುಳಿತ ಕ್ಷಣದಲ್ಲಿ, ಅದರ ಹಿಂಬದಿ ನೆಲ ಮುಟ್ಟುತ್ತಿರುವಾಗಲೇ, ಕಟ್. ತುತ್ತು ಎರಡು ಗಳಿಗೆ ತಡವಾದರೂ ಚಿಂತೆಯಿಲ್ಲ. ಯಾವ ಕೆಲಸಕ್ಕೆ ತುತ್ತು ಎಂಬುದನ್ನು ಸದ್ದು ಹೇಳಿಬಿಟ್ಟಿರುತ್ತದೆ. ಬಾಯಿಂದ ಭಲೆ ಎಂದರೆ ಸಾಲದೆ ಎಂದು ಕೇಳಿದೆ. ನಾವು ದಿನವಿಡೀ ಮಾತನಾಡುವವರು. ನಮ್ಮ ದನಿಯಲ್ಲಿ ಕೋಪ, ಆಯಾಸ, ಅವಸರ ಎಲ್ಲವೂ ಬೆರೆತಿರುತ್ತದೆ. ಈ ಸದ್ದಿಗೆ ಅಂಥ ಬೆರಕೆಯಿಲ್ಲ. ತಪ್ಪಾಗಿ ಒತ್ತಿದರೂ ತುತ್ತು ಕೊಡಲೇಬೇಕೆಂಬುದು ಇನ್ನೊಂದು ಕಟ್ಟಳೆ. ತಪ್ಪು ಗುರುವಿನದು, ದಂಡ ತೆರಬೇಕಾದವನೂ ಅವನೇ!

ನಾಯಿಯ ಲೋಕಕ್ಕೆ ಈ ಪದ್ಧತಿ ಸುತ್ತುದಾರಿಯಲ್ಲಿ ಬಂದಿತೆಂಬುದು ಸ್ವಾರಸ್ಯ. ಸ್ಕಿನ್ನರನ ಶಿಷ್ಯರಾದ ಕೆಲ್ಲರ್ ಬ್ರೆಲಂಡ್ ಮತ್ತು ಅವನ ಪತ್ನಿ ಮೇರಿಯನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಗುರುವಿನೊಡನೆ ಪಾರಿವಾಳಗಳಿಗೆ ಪಾಠ ಹೇಳಿದರು. ಶತ್ರುವಿನ ಗುರಿಯತ್ತ ಅಸ್ತ್ರವನ್ನು ಹಕ್ಕಿ ನಡೆಸಬೇಕೆಂಬುದು ಆ ಯೋಜನೆ. ಸೈನ್ಯ ಅದನ್ನು ಬಳಸಲಿಲ್ಲ. ಯುದ್ಧ ಮುಗಿದ ಮೇಲೆ ದಂಪತಿಗಳು ಕೋಳಿ, ಹಂದಿಗಳಿಂದ ಹಿಡಿದು ಬಗೆಬಗೆಯ ಪ್ರಾಣಿಗಳಿಗೆ ಕಲಿಸುವುದನ್ನೇ ಉದ್ಯಮ ಮಾಡಿಕೊಂಡರು. ಅವರ ಕ್ರಮ ಕಡಲಿನ ಡಾಲ್ಫಿನ್‌ಗಳ ಬಳಿಗೂ ಹೋಯಿತು. ಡಾಲ್ಫಿನ್ನಿನ ಕೊರಳಿಗೆ ಹಗ್ಗ ಬಿಗಿಯುವಂತಿಲ್ಲ. ಹೊಡೆಯಹೋದರೆ ಈಜಿ ದೂರವಾಗುತ್ತದೆ. ಶಿಕ್ಷಿಸಲಾಗದ ವಿದ್ಯಾರ್ಥಿ! ಅಲ್ಲಿ ಸೀಟಿಯ ಸದ್ದು, ಮೀನಿನ ತುತ್ತು, ಇಷ್ಟೇ ಉಪಾಯ. 1963ರಿಂದ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಕಲಿಸಿದ ಕರೆನ್ ಪ್ರಯರ್ 1984ರಲ್ಲಿ ಒಂದು ಪುಸ್ತಕ ಬರೆದರು. ನಾಯಿಗೆ ಗುಂಡಿಕ್ಕಬೇಡಿ ಎಂಬುದು ಅದರ ಹೆಸರಿನ ಅರ್ಥ. ಒಳಗಿರುವುದು ಹೆಚ್ಚಾಗಿ ಮನುಷ್ಯರ ವಿಚಾರ. 1990ರ ಬಳಿಕ ಕ್ಲಿಕ್ಕರ್ ನಾಯಿಯ ತರಗತಿಗಳಲ್ಲಿ ಹಬ್ಬಲು ಅವರೇ ಮುಖ್ಯ ಕಾರಣರಾದರು.

ಮೂರನೆಯ ಭಾನುವಾರ ನಾಯಿಗಳನ್ನು ಮರಕ್ಕೆ ಕಟ್ಟಿ, ಒಡೆಯರಿಗೇ ಪಾಠ ಎಂದಳು ಆ ತರುಣಿ. ಒಬ್ಬರು ನಾಯಿಯಾಗಬೇಕು, ಉಳಿದವರು ಗುಟ್ಟಾಗಿ ಒಂದು ಕೆಲಸವನ್ನು ಗೊತ್ತುಮಾಡಿ, ಮಾತಿಲ್ಲದೆ ಬರಿಯ ಕ್ಲಿಕ್ಕಿನಿಂದ ಅದನ್ನು ಮಾಡಿಸಬೇಕು. ಮೇಷ್ಟರೆಂಬ ಗೌರವದಿಂದ ಮೊದಲ ಸರದಿ ನನಗೇ ಬಂದಿತು. ನಡೆದೆ, ಕಟ್. ಬೆಂಚಿನತ್ತ ತಿರುಗಿದೆ, ಕಟ್. ಬೆಂಚಿನ ಬಳಿ ನಿಂತಾಗ ಕ್ಲಿಕ್ಕರ್ ಹಿಡಿದಿದ್ದ ಹುಡುಗ ಚಣಹೊತ್ತು ತಡಮಾಡಿದ. ಅಷ್ಟರಲ್ಲಿ ನಾನು ಅವನತ್ತ ಕತ್ತು ಹೊರಳಿಸಿದ್ದೆ, ಕಟ್. ಸರಿ, ಕತ್ತಿನ ಕೆಲಸವೇ ಇರಬೇಕೆಂದು ಎಡಕ್ಕೂ ಬಲಕ್ಕೂ ಹೊರಳಿಸತೊಡಗಿದೆ. ಮೌನ. ಕೈ ಎತ್ತಿದೆ, ಮೌನ. ಕುಳಿತೆ, ಮೌನ. ಹತ್ತು ಜನ ನೋಡುತ್ತಿದ್ದಾರೆ, ಅವರಿಗೆಲ್ಲ ಉತ್ತರ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. ಬೆವರು ಬಂದಿತು. ಬೆಂಚಿನ ಮೇಲಿದ್ದ ಕೊಡೆಯನ್ನು ಬಿಚ್ಚಬೇಕಾಗಿತ್ತಂತೆ. ಅದು ನನ್ನ ಕಣ್ಣೆದುರಿಗೇ ಇತ್ತು. ಇನ್ನೂ ಒಂದು ನಿಮಿಷ ಹೋಗಿದ್ದರೆ ಸಿಟ್ಟಿನಿಂದ ಆಟ ಬಿಟ್ಟು ಹೊರಡುತ್ತಿದ್ದೆನೆಂಬುದನ್ನು ಮುಚ್ಚಿಡುವುದಿಲ್ಲ.

ಆ ಬೆವರಿನಲ್ಲಿ ನನಗೆ ನೆನಪಾದುದು ಕಾಳಿಯಲ್ಲ. ಹತ್ತು ವರ್ಷದ ಹಿಂದೆ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಅರ್ಧ ವರ್ಷ ಬಾಯಿ ತೆರೆಯದವನು ಒಂದು ದಿನ ತಾನಾಗಿಯೇ ಎದ್ದು, ಹಳಗನ್ನಡದ ಪದ್ಯವೊಂದನ್ನು ಓದುತ್ತೇನೆಂದ. ಪದಚ್ಛೇದ ಎರಡೆಡೆ ತಪ್ಪಿತು. ನಾನು ಏನೋ ಒಂದು ವಿನೋದದ ಮಾತು ಆಡಿದೆ. ತರಗತಿ ಗೊಳ್ಳೆಂದು ನಕ್ಕಿತು. ಮತ್ತೆ ಎರಡು ವರ್ಷ ಅವನು ನನ್ನ ತರಗತಿಯಲ್ಲಿದ್ದ. ಓದುತ್ತೇನೆಂದು ಎಂದೂ ಏಳಲಿಲ್ಲ. ಅವನು ಸಂಕೋಚದ ಹುಡುಗನೆಂದೇ ನಾನು ತಿಳಿದುಕೊಂಡಿದ್ದೆ.

ಹಳಗನ್ನಡದಲ್ಲಿ ಮೆಚ್ಚು ಎಂಬ ಮಾತಿಗೆ ಸಂತೋಷವೂ ಅರ್ಥ, ಸಂತೋಷದಿಂದ ಕೊಡುವ ಬಹುಮಾನವೂ ಅರ್ಥ. ಕ್ಲಿಕ್ಕಿಗೂ ತುತ್ತಿಗೂ ಸೇರಿ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪಾರಿಭಾಷಿಕ ಪದ ನನಗೆ ಹೊಳೆಯದು. ಆದರೆ ಎಲ್ಲವನ್ನೂ ಮೆಚ್ಚಿನಿಂದ ಮಾಡಿಸಬಹುದೆಂಬ ಭ್ರಮೆಯೂ ಬೇಡ. ಬ್ರೆಲಂಡ್ ದಂಪತಿಗಳೇ 1961ರ ಪ್ರಬಂಧವೊಂದರಲ್ಲಿ ತಮ್ಮ ಸೋಲುಗಳನ್ನು ಒಪ್ಪಿಕೊಂಡರು. ರಕೂನ್ ಎಂಬ ಪ್ರಾಣಿಗೆ ನಾಣ್ಯಗಳನ್ನು ಪೆಟ್ಟಿಗೆಗೆ ಹಾಕಲು ಕಲಿಸಿದರೆ, ಅದು ಹಾಕುವ ಬದಲು ಎರಡು ನಾಣ್ಯಗಳನ್ನು ಹಿಡಿದು ತಿಕ್ಕುತ್ತ ಕೂರುತ್ತಿತ್ತು. ಹಂದಿ ನಾಣ್ಯವನ್ನು ನೆಲಕ್ಕೆ ಬೀಳಿಸಿ ಮೂತಿಯಿಂದ ಕೆದಕುತ್ತಿತ್ತು. ಹಸಿವಿದ್ದರೂ, ತುತ್ತು ತಪ್ಪುತ್ತಿದ್ದರೂ, ಹುಟ್ಟುಗುಣ ಮೇಲೆದ್ದು ಬರುತ್ತಿತ್ತು.

ಕಾಳಿಗೆ ಬಾ ಎಂಬ ಪಾಠವನ್ನು ಎರಡು ಹೆಜ್ಜೆಯ ದೂರದಿಂದ ಹೊಸದಾಗಿ ಆರಂಭಿಸಿದೆವು. ಹಳೆಯ ಕರೆ ಕೆಟ್ಟುಹೋಗಿದೆಯೆಂದು ಪದವನ್ನೇ ಬದಲಿಸಲು ಹೇಳಿದಳು ಗುರುಗಳಾದ ಆ ತರುಣಿ. ಮಗಳು "ಇಲ್ಲಿ" ಎಂಬುದನ್ನು ಆರಿಸಿದಳು. ಸ್ನಾನಕ್ಕೆ, ಕಟ್ಟಿಹಾಕುವುದಕ್ಕೆ, ಬೈಯುವುದಕ್ಕೆ ಆ ಮಾತನ್ನು ಬಳಸಕೂಡದು. ಈಗ ಅಂಗಳದ ತುದಿಯಿಂದ ಓಡಿಬರುತ್ತದೆ. ಅಳಿಲು ಕಂಡರೆ ಮಾತ್ರ ಯಾರ ಮಾತೂ ನಡೆಯದು. ಗೇಟಿನ ಸಂದಿಗೆ ತಂತಿಯ ಬಲೆ ಹೊಡೆಸಿದ್ದೇನೆ. ಮಗಳ ಹತ್ತಿರ ಬಂದರೆ ಮಡಿಲಿಗೇ ನುಗ್ಗುತ್ತದೆ. ನನ್ನ ಹತ್ತಿರ ಬಂದಾಗ ಕೊನೆಯ ಒಂದು ಮೊಳ ದೂರದಲ್ಲಿ ಈಗಲೂ ನಿಂತು, ಮೊದಲು ನನ್ನ ಬಲಗೈಯನ್ನು ನೋಡುತ್ತದೆ.