ಸೋತ ಆಟದಲ್ಲಿ ಹುಟ್ಟಿದ ಓಪನಿಂಗ್

ಚೆಸ್‌ನ ಗ್ರುನ್‌ಫೆಲ್ಡ್ ಡಿಫೆನ್ಸ್ ಆಸ್ಟ್ರಿಯದ ಅರ್ನ್‌ಸ್ಟ್ ಗ್ರುನ್‌ಫೆಲ್ಡ್ ಅವರ ಕೊಡುಗೆ ಎಂಬುದು ವಾಡಿಕೆಯ ಮಾತು. 1922ರ ವಿಯೆನ್ನಾ ಟೂರ್ನಿಯಲ್ಲಿ ಇದೇ ಓಪನಿಂಗ್ ಆಡಿ ಅವರು ಮುಂದೆ ವಿಶ್ವ ಚಾಂಪಿಯನ್ ಆದ ಅಲೆಖಿನ್ ಅವರನ್ನು ಮಣಿಸಿದ್ದೂ ನಿಜ. ಆದರೆ ಆ ನಡೆಗಳು 1855ರ ಮೇ ತಿಂಗಳಲ್ಲೇ ಕಲ್ಕತ್ತೆಯಲ್ಲಿ ಆಡಿದ ಒಂದು ಆಟದಲ್ಲಿವೆ. ಬಿಳಿ ಕಾಯಿ ಸ್ಕಾಟ್ಲೆಂಡಿನ ಬ್ಯಾರಿಸ್ಟರ್ ಜಾನ್ ಕಾಕ್ರೇನ್ ಅವರದು, ಕಪ್ಪು ಕಾಯಿ ಮಹೇಶಚಂದ್ರ ಬ್ಯಾನರ್ಜಿಯವರದು. ಬ್ಯಾನರ್ಜಿ ಮೊದಲು ಕುದುರೆ ಹೊರಡಿಸಿದರು, ಮೂರನೇ ನಡೆಗೆ ಡಿ5ಕ್ಕೆ ಪದಾತಿ ತಳ್ಳಿದರು, ಒಂಟೆಯನ್ನು ಜಿ7ರಲ್ಲಿ ಕೂರಿಸಿದರು. ಕುದುರೆಗಳ ವಿನಿಮಯವಾಗಿ ಬಿಳಿ ಪದಾತಿಗಳು ನಡುಮನೆಗಳತ್ತ ಕೂಡಿಕೊಂಡದ್ದೇ ತಡ, ಎಂಟನೇ ನಡೆಗೆ ಸಿ5 ಆಡಿ ಆ ಕೋಟೆಗೆ ಬದಿಯಿಂದ ಏಟು ಕೊಟ್ಟರು. ನಡುವನ್ನು ಎದುರಾಳಿಗೆ ಬಿಟ್ಟುಕೊಟ್ಟು ಆಮೇಲೆ ಕೆಡವುವುದು: ಗ್ರುನ್‌ಫೆಲ್ಡ್‌ನ ತಿರುಳೇ ಇದು.

ಇದು ಆಕಸ್ಮಿಕವೆನ್ನಲು ನನಗೆ ಮನಸ್ಸಿಲ್ಲ. ಬ್ಯಾನರ್ಜಿ ಕಲಿತದ್ದು ದೇಶಿ ಚದುರಂಗ. ಅಲ್ಲಿ ಪದಾತಿಗೆ ಮೊದಲ ನಡೆಯಲ್ಲೂ ಒಂದೇ ಮನೆ; ಈಗಿನ ಕ್ಯಾಸ್ಲಿಂಗ್ ಇರಲಿಲ್ಲ. ನಡುಮನೆಗಳಿಗೆ ಒಂದೇ ನೆಗೆತದಲ್ಲಿ ನುಗ್ಗಲಾಗದವರು ಒಂಟೆಯನ್ನು ಮೂಲೆಗೆ ಸರಿಸಿ ಕಾಯುವುದು ಸಹಜ. ಇಂಥ ವ್ಯೂಹಗಳನ್ನು ಯುರೋಪಿನವರು ಬಹುಪಾಲು ಬ್ಯಾನರ್ಜಿಯಂಥ ಭಾರತೀಯರಿಂದಲೇ ಕಲಿತರೆಂದು ಇಂಗ್ಲಿಷ್ ಲೇಖಕ ಫಿಲಿಪ್ ಸಾರ್ಜೆಂಟ್ 1934ರಲ್ಲೇ ಬರೆದಿದ್ದಾರೆ. ಆ ಕಾಲದ ಭಾರತೀಯ ಆಟಗಾರ ಮೀರ್ ಸುಲ್ತಾನ್ ಖಾನ್ ಅವರಿಗೂ ಅದೇ ಒಲವಿತ್ತೆಂದು ನೆನಪಿಸಿದ್ದಾರೆ.

ಆದರೆ ಬ್ಯಾನರ್ಜಿ ಆ ಆಟ ಸೋತರಲ್ಲ ಎಂಬ ಆಕ್ಷೇಪ ಬರುತ್ತದೆ. ಸೋತರು, ಅದೂ ಹೀನಾಯವಾಗಿ. ಹದಿನೇಳನೇ ನಡೆಯಲ್ಲಿ ಅವರು ಒಂಟೆಯ ಆಸೆಗೆ ಬಿದ್ದರು. ಕಾಕ್ರೇನ್ ಮಂತ್ರಿಯನ್ನೇ ಬಲಿಕೊಟ್ಟು, ತನ್ನವರ ನಡುವೆ ಸಿಕ್ಕಿಬಿದ್ದ ರಾಜನನ್ನು ಕುದುರೆಯಿಂದ ಕಟ್ಟಿಹಾಕುವ ದಾರಿ ತೆರೆದರು. ಆದರೆ ಎಡವಿದ್ದು ಓಪನಿಂಗ್ ಮುಗಿದು ಎಷ್ಟೋ ಹೊತ್ತಿನ ಮೇಲೆ. 2010ರಲ್ಲಿ ಸೋಫಿಯಾದ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆಟದಲ್ಲಿ ವಿಶ್ವನಾಥನ್ ಆನಂದ್ ಕೂಡ ಗ್ರುನ್‌ಫೆಲ್ಡ್ ಆಡಿ ಟೊಪಲೋವ್ ಅವರಿಗೆ ಸೋತರು. ಓಪನಿಂಗನ್ನು ಯಾರೂ ದೂರಲಿಲ್ಲ; ಆನಂದ್ ಹತ್ತನೇ ಆಟದಲ್ಲಿ ಅದನ್ನೇ ಮತ್ತೆ ಆಡಿ ಡ್ರಾ ಮಾಡಿಕೊಂಡರು, ಪಟ್ಟವನ್ನೂ ಉಳಿಸಿಕೊಂಡರು. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಒಂದು ಆಟದಿಂದ ಸಿದ್ಧಾಂತ ಆಗದು. ಒಪ್ಪುತ್ತೇನೆ. ಟೂರ್ನಿಗಳಲ್ಲಿ ಆಡಿ, ಜಗತ್ತು ಉತ್ತರ ಹುಡುಕಲೇಬೇಕೆಂಬ ಸ್ಥಿತಿ ತಂದವರು ಗ್ರುನ್‌ಫೆಲ್ಡ್. ಅವರು ಕಲ್ಕತ್ತೆಯಿಂದ ಎರವಲು ತಂದರೆಂದು ನಾನು ಹೇಳುತ್ತಿಲ್ಲ. ಹೆಸರು ಅವರಿಗೇ ಇರಲಿ, ಹುಟ್ಟಿದ ವರ್ಷವನ್ನು ಮಾತ್ರ 1855 ಎಂದು ತಿದ್ದಬೇಕು.