ನಾಯಿ ಎಳೆದಾಗ ಬೆಲ್ಟ್ ಎಲ್ಲಿ ಒತ್ತುತ್ತದೆ?

ಬೆಳಿಗ್ಗೆ ಪಾಂಡವಪುರದ ಕಡೆ ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ನಾಯಿ ಹಿಡಿದು ಹೊರಟವರನ್ನು ಗಮನಿಸಿ. ನಾಯಿ ಚೈನನ್ನು ಮುಂದಕ್ಕೆ ಜಗ್ಗುತ್ತದೆ, ಖೊಕ್ ಖೊಕ್ ಎಂದು ಕೆಮ್ಮುತ್ತದೆ, ಮತ್ತೆ ಜಗ್ಗುತ್ತದೆ. ಥಂಡಿ ಹಿಡಿದಿರಬೇಕು ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಆ ಕೆಮ್ಮಿಗೆ ಕಾರಣ ಕುತ್ತಿಗೆಯ ಬೆಲ್ಟ್.

ನಾಯಿಯ ಶ್ವಾಸನಾಳ ಚರ್ಮದಿಂದ ಬಹಳ ಆಳದಲ್ಲೇನೂ ಇಲ್ಲ. ಮೃದ್ವಸ್ಥಿಯ ಬಳೆಗಳು ಅದನ್ನು ತೆರೆದಿಡುತ್ತವೆ. ಆ ಬಳೆಗಳೂ ಪೂರ್ತಿ ಸುತ್ತುಬಂದಿರುವುದಿಲ್ಲ, ಬೆನ್ನಿನ ಕಡೆ ಬಾಯಿ ಬಿಟ್ಟಿರುತ್ತವೆ. ಪಾಮೇರಿಯನ್‌ನಂಥ ಸಣ್ಣ ತಳಿಗಳಲ್ಲಿ ವಯಸ್ಸಾದಂತೆ ಬಳೆಗಳು ಸೊರಗಿ ನಾಳ ಚಪ್ಪಟೆಯಾಗುವ ಕಾಯಿಲೆ ಹೆಚ್ಚು. ಅಂಥ ನಾಯಿಯನ್ನು ಕುತ್ತಿಗೆಯಿಂದ ಎಳೆಯಲೇಬಾರದು. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೊರಳಪಟ್ಟಿ ಎಳೆದಾಗ ನಾಯಿಗಳ ಕಣ್ಣೊಳಗಿನ ಒತ್ತಡ ಏರಿತು. ಎದೆಗೆ ತೊಡಿಸುವ ಹಾರ್ನೆಸ್ ಎಳೆದಾಗ ಏರಲಿಲ್ಲ. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಕುತ್ತಿಗೆಯ ಮಾದರಿಯೊಂದಕ್ಕೆ ಬಗೆಬಗೆಯ ಪಟ್ಟಿ ತೊಡಿಸಿ ಎಳೆದು ನೋಡಿದರು. ಜಗ್ಗುವ ನಾಯಿಗೆ ಇದು ಅಪಾಯವಿಲ್ಲದ್ದು ಎನ್ನಬಹುದಾದ ಒಂದು ಪಟ್ಟಿಯೂ ಸಿಗಲಿಲ್ಲ.

ಎಳೆತದ ಭಾರ ಗಂಟಲ ಮೇಲೆ ಬೀಳಬಾರದು ಎಂಬುದು ಈ ಸೀಮೆಯ ರೈತರಿಗೆ ಹೊಸ ವಿಚಾರವಲ್ಲ. ಕೆ.ಆರ್. ಪೇಟೆಯ ಹೇಮಗಿರಿ ದನಗಳ ಜಾತ್ರೆಗೆ ಬರುವ ಹಳ್ಳಿಕಾರ್ ಎತ್ತನ್ನೇ ನೋಡಿ. ಗಾಡಿಯ ಭಾರ ಬೀಳುವುದು ಡುಬ್ಬದ ಮುಂದೆ ಕೂತ ನೊಗದ ಮೇಲೆ. ಕೊರಳ ಕೆಳಗಿನ ಹಗ್ಗ ನೊಗ ಜಾರದಂತೆ ಹಿಡಿಯುತ್ತದೆ ಅಷ್ಟೆ, ಗಂಟಲನ್ನು ಒತ್ತುವುದಿಲ್ಲ.

ನಾಯಿಗೆ ಡುಬ್ಬವಿಲ್ಲ, ಎದೆಮೂಳೆಯಿದೆ. ಹಾರ್ನೆಸ್ಸಿನ ಮುಂಭಾಗ ಆ ಮೂಳೆಯ ಮೇಲೆ ವೈ ಅಕ್ಷರದಂತೆ ಕೂರಬೇಕು. ಹೆಗಲಿಗೆ ಅಡ್ಡಲಾಗಿ ಹಾಯುವ ಪಟ್ಟಿ ಬೇಡ ಎಂಬುದು ನನ್ನ ಅಭಿಪ್ರಾಯ. ನಾಯಿಯ ಹೆಗಲಮೂಳೆಯನ್ನು ಮೈಗೆ ಹಿಡಿದಿಟ್ಟಿರುವುದು ಮಾಂಸಖಂಡವೇ ಹೊರತು ಕೀಲಲ್ಲ. ಪ್ರತಿ ಹೆಜ್ಜೆಗೂ ಅದು ಹಿಂದೆ ಮುಂದೆ ಜಾರುತ್ತದೆ. ಅಡ್ಡಪಟ್ಟಿ ಆ ಚಲನೆಗೆ ತಡೆಯಾಗಬಹುದು. ಪಟ್ಟಿಯಡಿ ಎರಡು ಬೆರಳು ತೂರಬೇಕು, ಕಂಕುಳಲ್ಲಿ ಉಜ್ಜಬಾರದು. ಮುಂಗಾಲಿನ ಹಿಂದೆ ಕೂದಲು ಉದುರಿ ಚರ್ಮ ಕೆಂಪಾಗಿದ್ದರೆ ಅಳತೆ ತಪ್ಪಿದೆ ಎಂದೇ ಅರ್ಥ. ವಿಪರೀತ ಜಗ್ಗುವ ನಾಯಿಗೆ ಎದೆಯ ಮೇಲೆ ಕೊಂಡಿಯಿರುವ ಹಾರ್ನೆಸ್ ಒಳ್ಳೆಯದು; ಎಳೆದೊಡನೆ ಮೈ ಪಕ್ಕಕ್ಕೆ ತಿರುಗುತ್ತದೆ, ಜೋರು ಸಾಗುವುದಿಲ್ಲ. ಮುಧೋಳ ನಾಯಿಯ ತಲೆ ಕಿರಿದು, ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಬೆಲ್ಟ್ ಕಳಚಿ ಕೈಗೆ ಬರುತ್ತದೆ.

ಹಾಗೆ ತಪ್ಪಿಸಿಕೊಂಡ ನಾಯಿ ಕಬ್ಬಿನಗದ್ದೆಗೆ ನುಗ್ಗಿದರೆ ಈ ಸೀಮೆಯಲ್ಲಿ ಚಿರತೆಯ ಭಯವಿದೆ. 1974ರಲ್ಲಿ ಘೋಷಣೆಯಾದ ಮೇಲುಕೋಟೆ ವನ್ಯಜೀವಿಧಾಮದ ಗುಡ್ಡಗಳಿಂದ ಊರಂಚಿನವರೆಗೂ ಅದರ ಓಡಾಟ. ಮಹಾರಾಷ್ಟ್ರದ ಅಕೋಲೆ ಸೀಮೆಯಲ್ಲಿ ನಡೆದ ಅಧ್ಯಯನದ ಪ್ರಕಾರ ಅಲ್ಲಿನ ಚಿರತೆಗಳು ತಿಂದ ಆಹಾರದ ತೂಕದಲ್ಲಿ ಶೇ 39ರಷ್ಟು ನಾಯಿಗಳೇ. ಮುಸ್ಸಂಜೆಯ ವಾಕಿಂಗ್ ಬಿಡಿ, ಹೊತ್ತು ಮೂಡಿದ ಮೇಲೆ ಹೊರಡಿ. ರಾತ್ರಿ ಅಂಗಳದಲ್ಲಿ ಚೈನಿಗೆ ಬಿಗಿದ ನಾಯಿಗೆ ಓಡಲೂ ದಾರಿಯಿಲ್ಲ, ಒಳಗೆ ಮಲಗಿಸಿ.