ತಜಂಕ್ ಚಿಗುರಿದೆ, ಮಕ್ಕಳನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ನಾಡದೋಣಿಯವರು ತಂದ ನಾಲ್ಕು ಮೀನಿಗೆ ಬಂಗಾರದ ರೇಟು. ಮೀನಿಲ್ಲದೆ ನಮ್ಮ ಮನೆಗಳಲ್ಲಿ ಅನ್ನ ಇಳಿಯುವುದಿಲ್ಲ ಎಂಬುದು ಊರಿಗೇ ಗೊತ್ತಿರುವ ಸಂಗತಿ. ಹಾಗಾದರೆ ನಮ್ಮ ಅಜ್ಜಿಯಂದಿರು ಮಳೆಗಾಲದಲ್ಲಿ ಎಂತ ಮಾಡುತ್ತಿದ್ದರು? ಅಟ್ಟದಲ್ಲಿ ಒಣಮೀನು ಇತ್ತು, ಭರಣಿಯಲ್ಲಿ ಉಪ್ಪು ನೀರಿಗೆ ಹಾಕಿದ ಹಲಸಿನ ಸೊಳೆ ಇತ್ತು, ಮೂಲೆಯಲ್ಲಿ ಹಲಸಿನ ಬೀಜದ ರಾಶಿ ಇತ್ತು. ಉಳಿದದ್ದೆಲ್ಲ ಹಿತ್ತಿಲಿನಿಂದ ಬರುತ್ತಿತ್ತು. ಬೀಡಿ ಕಟ್ಟಿದ ದುಡ್ಡು ಅಕ್ಕಿಗೆ ಸರಿಯಾಗುತ್ತಿದ್ದ ಮನೆಗಳಲ್ಲಿ ತರಕಾರಿಗೆ ಅಂತ ಪೇಟೆಗೆ ಹೋದವರೇ ಕಡಿಮೆ.

ಮೊನ್ನೆ ಬೆಳಗ್ಗಿನ ಮದ್ರಸ ಬಿಟ್ಟ ಮೇಲೆ ನಾವು ನಾಲ್ಕನೇ ತರಗತಿಯ 11 ಮಕ್ಕಳನ್ನು ಕಟ್ಟಡದ ಹಿಂದಿನ ಖಾಲಿ ಜಾಗಕ್ಕೆ ಕರೆದುಕೊಂಡು ಹೋದೆವು. ಇಲ್ಲಿ ತಿನ್ನುವಂಥದ್ದು ಏನೆಲ್ಲ ಉಂಟು ಎಂದು ಕೇಳಿದರೆ, "ಏನೂ ಇಲ್ಲ ಉಸ್ತಾದ್, ಬರೀ ಕಾಡು" ಎಂಬ ಉತ್ತರ. ಅರ್ಧ ಗಂಟೆ ಹುಡುಕಿದಾಗ ತಜಂಕ್, ತಿಮರೆ, ಕೆಸು, ಮುಳ್ಳುಹರಿವೆ, ನುಗ್ಗೆ, ಬಿಂಬುಳಿ, ಬಾಳೆಯ ಪೂಂಬೆ ಸಿಕ್ಕಿತು. ಏಳು ಬಗೆ! ಇದರಲ್ಲಿ ಮಕ್ಕಳಿಗೆ ಗೊತ್ತಿದ್ದದ್ದು ನುಗ್ಗೆ ಮತ್ತು ಬಾಳೆ ಮಾತ್ರ. ಒಬ್ಬ ಹುಡುಗನಿಗೆ ತಿಮರೆ ಗೊತ್ತಿತ್ತು, ಏಕೆಂದರೆ ಅವನ ಮನೆಯಲ್ಲಿ ಅಜ್ಜಿ ಇದ್ದಾರೆ.

ಶುರು ಮಾಡುವುದಾದರೆ ತಜಂಕಿನಿಂದಲೇ ಮಾಡಿ. ಕನ್ನಡದಲ್ಲಿ ಚಗಟೆ ಸೊಪ್ಪು ಅನ್ನುತ್ತಾರೆ. ಮೊದಲ ಮಳೆ ಬಿದ್ದ ವಾರದಲ್ಲೇ ರಸ್ತೆ ಬದಿ, ಅಂಗಳದ ಮೂಲೆ, ಕಲ್ಲುರಾಶಿ ಎಲ್ಲ ಕಡೆ ಏಳುತ್ತದೆ. ಒಂದೊಂದು ಕಡ್ಡಿಯಲ್ಲಿ ಮೂರು ಜೋಡಿ ಎಲೆ, ತುದಿಯ ಜೋಡಿ ದೊಡ್ಡದು. ಕೈಯಲ್ಲಿ ತಿಕ್ಕಿದರೆ ಒಂದು ನಮೂನೆ ವಾಸನೆ. ಮಕ್ಕಳಿಗೆ ಗುರುತು ಹೇಳಿಕೊಡಲು ಇದಕ್ಕಿಂತ ಚಂದದ ದಾರಿ ಇನ್ನೊಂದು ಉಂಟು: ಸಂಜೆ ಮಗ್ರಿಬ್ ಬಾಂಗಿನ ಹೊತ್ತಿಗೆ ಅದೇ ಗಿಡದ ಹತ್ತಿರ ಕರೆದುಕೊಂಡು ಹೋಗಿ. ಎಲೆಗಳೆಲ್ಲ ಜೋಡಿ ಜೋಡಿಯಾಗಿ ಮಡಚಿಕೊಂಡು ಮಲಗಿರುತ್ತವೆ. ಒಮ್ಮೆ ನೋಡಿದ ಮಗು ಮರೆಯುವುದಿಲ್ಲ.

ಹಳದಿ ಹೂ ಬರುವ ಮೊದಲೇ ಕೊಯ್ಯಬೇಕು, ತುದಿಯ ಚಿಗುರು ಮಾತ್ರ. ಬಲಿತ ಎಲೆ ಕಹಿ. ಐದು ಜನರ ಮನೆಗೆ ಐದಾರು ಹಿಡಿ ಸೊಪ್ಪು ಸಾಕು, ಬೆಂದರೆ ತುಂಬ ಇಳಿಯುತ್ತದೆ. ಮೂರು ನೀರಿನಲ್ಲಿ ತೊಳೆದು ಸಣ್ಣಗೆ ಹೆಚ್ಚಿ. ಇಪ್ಪತ್ತು ಹಲಸಿನ ಬೀಜದ ಹೊರಸಿಪ್ಪೆ ತೆಗೆದು, ಜಜ್ಜಿ, ಉಪ್ಪು ಹಾಕಿ ಬೇಯಿಸಿಡಿ. ಆರು ಒಣಮೆಣಸು, ಒಂದು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ ಹುರಿದು, ಅರ್ಧ ತೆಂಗಿನಕಾಯಿಯ ತುರಿ, ಸ್ವಲ್ಪ ಅರಸಿನ, ಸಣ್ಣ ಉಂಡೆ ಹುಳಿಯ ಜೊತೆ ತರಿತರಿಯಾಗಿ ರುಬ್ಬಿ. ತೆಂಗಿನೆಣ್ಣೆಯಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಬೇವಿನ ಎಲೆ ಒಗ್ಗರಣೆಗೆ ಹಾಕಿ, ಸೊಪ್ಪು ಬಾಡಿಸಿ, ಬೀಜ ಮತ್ತು ಮಸಾಲೆ ಸೇರಿಸಿ ನೀರು ಆರುವವರೆಗೆ ಬಿಡಿ. ನಮ್ಮ ಮನೆಯಲ್ಲಿ ಕೊನೆಗೆ ಒಂದು ಹಿಡಿ ಹುರಿದ ಒಣ ಸಿಗಡಿ ಬೀಳುತ್ತದೆ. ಅದಿಲ್ಲದೆಯೂ ಆಗುತ್ತದೆ ಎನ್ನುವವರ ಮಾತು ನಾವು ಕೇಳುವುದಿಲ್ಲ. ಬಿಸಿ ಕುಚ್ಚಲಕ್ಕಿ ಗಂಜಿಯ ಜೊತೆ ಬಡಿಸಿ ನೋಡಿ. ಒಂದೇ ಎಚ್ಚರಿಕೆ, ತಜಂಕ್ ಹೊಟ್ಟೆ ಸಡಿಲ ಮಾಡುವ ಸೊಪ್ಪು. ಮಕ್ಕಳಿಗೆ ಮೊದಲ ದಿನ ಎರಡು ತುತ್ತು ಸಾಕು.

ತಿಮರೆಗೆ ಇಷ್ಟು ಕೆಲಸ ಇಲ್ಲ. ತೋಡಿನ ಬದಿಯಲ್ಲಿ ಹಬ್ಬುವ ದುಂಡು ಎಲೆಯ ಒಂದೆಲಗ. ಬಳ್ಳಿ ಗೆಣ್ಣು ಗೆಣ್ಣಿನಲ್ಲಿ ಬೇರು ಬಿಟ್ಟಿರುತ್ತದೆ. ಕಾಯಿತುರಿ, ಹಸಿಮೆಣಸು, ಹುಳಿ, ಉಪ್ಪು ಸೇರಿಸಿ ರುಬ್ಬಿದರೆ ಚಟ್ನಿ ಆಯಿತು. ಇದನ್ನು ಹಸಿಯಾಗಿ ತಿನ್ನುವ ಕಾರಣ ಎಲೆ ಎಲೆಯನ್ನೂ ತೊಳೆಯಬೇಕು.

ಕೆಸು ಮಕ್ಕಳ ಕೈಗೆ ಕೊಡುವ ಸೊಪ್ಪಲ್ಲ. ಅದರಲ್ಲಿ ಸೂಜಿಯಂಥ ಸಣ್ಣ ಹರಳುಗಳಿವೆ, ತುರಿಕೆ ಬರುವುದು ಅದರಿಂದ. ಪತ್ರೊಡೆಯ ಹಿಟ್ಟಿಗೆ ಹುಳಿ ಧಾರಾಳ ಹಾಕುವುದೂ, ಒಂದು ಗಂಟೆ ಹಬೆಯಲ್ಲಿ ಇಡುವುದೂ ಇದಕ್ಕೇ. ಮಕ್ಕಳಿಗೆ ಹಿಟ್ಟು ಹಚ್ಚಲಿಕ್ಕೆ ಆಸೆಯಾದರೆ ಕೈಗೆ ತೆಂಗಿನೆಣ್ಣೆ ಸವರಿ ಕೂರಿಸಿ. ಕಣಿಲೆ ಸಿಕ್ಕಿದರೆ ಹೆಚ್ಚಿ ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ಎಳೆ ಬಿದಿರಿನಲ್ಲಿ ವಿಷದ ಅಂಶ ಉಂಟು, ಆತುರ ಮಾಡಬಾರದು. ಬಿಂಬುಳಿ ಮೀನು ಸಾರಿಗೆ ಹುಳಿಯ ಬದಲು ಚಂದ. ಆದರೆ ಸಕ್ಕರೆ ಕಾಯಿಲೆಗೆ, ಕೊಬ್ಬಿಗೆ ಮದ್ದು ಅಂತ ಅದರ ರಸ ಹಿಂಡಿ ಲೋಟಗಟ್ಟಲೆ ಕುಡಿಯುವವರಿದ್ದಾರೆ. ಕೇರಳದಲ್ಲಿ ಹಾಗೆ ಕುಡಿದು ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದವರ ಬಗ್ಗೆ ವೈದ್ಯರು ಬರೆದಿದ್ದಾರೆ. ಸಾರಿಗೆ ನಾಲ್ಕು ಕಾಯಿ ಹಾಕಿ, ಅಷ್ಟೇ.

ಇನ್ನೊಂದು ವಿಷಯ ಹೇಳಲೇಬೇಕು, ನಿಜವಾಗಿ ನಾವು ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ. ಈಗ ಊರಲ್ಲಿ ಅಂಗಳಕ್ಕೆ ಇಂಟರ್‌ಲಾಕ್, ಹಿತ್ತಿಲಿಗೆ ಕಳೆನಾಶಕ. ಹುಲ್ಲು ಕೀಳುವ ಆಳಿಗೆ ಕೊಡುವ ಸಂಬಳಕ್ಕಿಂತ ಒಂದು ಬಾಟ್ಲಿ ಅಗ್ಗ ಎನ್ನುವ ಲೆಕ್ಕ. ಗಂಡಸರು ಗಲ್ಫಿನಲ್ಲಿ, ಮನೆಯಲ್ಲಿ ಹೆಂಗಸರು, ಮಕ್ಕಳು ಮಾತ್ರ ಇರುವಾಗ ಆ ಲೆಕ್ಕವನ್ನು ತಪ್ಪು ಅನ್ನಲಿಕ್ಕೂ ಆಗುವುದಿಲ್ಲ. ಆದರೆ ಈ ಮದ್ದು ಹೊಡೆದ ಗಿಡ ಅದೇ ದಿನ ಒಣಗುವುದಿಲ್ಲ. ಹಲವು ದಿನ ಹಸಿರಾಗಿಯೇ ನಿಂತಿರುತ್ತದೆ. ನೋಡಿದವರಿಗೆ ಒಳ್ಳೆ ತಜಂಕ್! ಕೊಯ್ದ ಮಗುವಿಗೆ ಹೇಗೆ ಗೊತ್ತಾಗಬೇಕು? ಅಡಿಕೆ ತೋಟದ ತಿಮರೆಯೂ ಹಾಗೆಯೇ. ಈ ತಿಂಗಳುಗಳಲ್ಲಿ ಕೊಳೆರೋಗಕ್ಕೆ ಮೈಲುತುತ್ತು ಸಿಂಪಡಿಸುತ್ತಾರೆ, ಮೇಲಿನ ನೀರೆಲ್ಲ ಕೆಳಗಿನ ಸೊಪ್ಪಿನ ಮೇಲೆ. ಆದ ಕಾರಣ ಬೇರೆಯವರ ಜಾಗಕ್ಕೆ ಹೋದರೆ ಎರಡು ಮಾತು ಕೇಳಬೇಕು. ಕೊಯ್ಯಬಹುದಾ ಎಂಬುದು ಒಂದು, ಮದ್ದು ಹೊಡೆದಿದ್ದೀರಾ ಎಂಬುದು ಇನ್ನೊಂದು. ಮದ್ದು ಹೊಡೆಸುವವರು ನೆರೆಮನೆಗೆ ಒಂದು ಮಾತು ಹೇಳಿ ಹೊಡೆಸಲಿ. ಹೆದ್ದಾರಿ ಬದಿ, ಚರಂಡಿ ಬದಿಯ ಸೊಪ್ಪು ಎಷ್ಟು ಸೊಂಪಾಗಿದ್ದರೂ ಬೇಡ.

ಮಕ್ಕಳಿಗೆ ನಾವು ಹಾಕಿಕೊಟ್ಟ ಷರತ್ತು ಒಂದೇ: ಕೊಯ್ದದ್ದು ಮೊದಲು ಉಮ್ಮನಿಗೋ ಅಜ್ಜಿಗೋ ತೋರಿಸಬೇಕು, ಅವರು ಹೌದು ಅನ್ನುವವರೆಗೆ ಬಾಯಿಗೆ ಇಡುವಂತಿಲ್ಲ. ಗುಲಗಂಜಿಯ ಕೆಂಪು ಬೀಜ ನೋಡಲು ಎಷ್ಟು ಚಂದ, ಅಗಿದರೆ ಜೀವಕ್ಕೇ ಅಪಾಯ. ಇದನ್ನೂ ಅದೇ ದಿನ ತೋರಿಸಿಯೇ ಕಳುಹಿಸಿದ್ದೇವೆ.

ಮರುದಿನ ಒಬ್ಬಳು ಹುಡುಗಿ ಪುಸ್ತಕದಲ್ಲಿ ಒಂಬತ್ತು ಹೆಸರು ಬರೆದುಕೊಂಡು ಬಂದಿದ್ದಳು. ನೆರೆಮನೆಯ ಮುದುಕಿಯನ್ನು ಕೇಳಿ ಬರೆದದ್ದಂತೆ. ಬ್ಯಾರಿ ಮಾತಿನಲ್ಲಿ ಊರಿಗೊಂದು ಹೆಸರು ಇರುವ ಕಾರಣ ಅದರಲ್ಲಿ ಎರಡು ಯಾವ ಗಿಡವೆಂದು ನಮಗೂ ಗೊತ್ತಾಗಲಿಲ್ಲ. ಗಿಡವನ್ನೇ ತಂದು ತೋರಿಸು ಮಗಳೇ ಎಂದಿದ್ದೇವೆ.

ಹಾಂ, ಕೊಯ್ಯುವಾಗ ಎಲ್ಲ ಗಿಡವನ್ನೂ ಬೋಳಿಸಬೇಡಿ. ಗೋಡೆ ಬದಿಯ ನಾಲ್ಕು ತಜಂಕ್ ಹೂ ಬಿಟ್ಟು ಕೋಡು ಬಲಿಯಲಿ. ಬೀಜ ಅಲ್ಲೇ ಉದುರುತ್ತದೆ, ಬರುವ ವರ್ಷದ ಮಳೆಗೆ ಅಲ್ಲೇ ಏಳುತ್ತದೆ.